ಹಾಲುಣಿಸುವ ಗಂಡು ಹಕ್ಕಿ

ಪಾರಿವಾಳಕ್ಕೂ ಜುಟ್ಟಿರುತ್ತದೆಂದು ನನಗೆ ತಿಳಿದದ್ದು, ನನ್ನ ಜುಟ್ಟು ನಾಲ್ಕು ತಿಂಗಳ ಮಗಳ ಕೈಗೆ ಸಿಕ್ಕಮೇಲೆಯೇ. ಹೆಂಡತಿ ಸುಮಾ ಸೋಮವಾರದಿಂದ ರಾಕ್‌ವಿಲ್‌ನ ತನ್ನ ಲ್ಯಾಬಿಗೆ ಮರಳಬೇಕು. ಅಂದಿನಿಂದ ನನ್ನ ಪಿತೃತ್ವ ರಜೆ ಶುರು. ಮಗಳೋ, ನನ್ನ ಕೈಯಿಂದ ಬಾಟಲಿಯನ್ನು ಬಾಯಿಗೆ ಮುಟ್ಟಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿದಿದ್ದಳು.

ಅಂಥ ಹೊತ್ತಿನಲ್ಲೇ ಕ್ಯಾನ್‌ಬೆರಾದ ಭಾವಮೈದುನ ಒಂದು ವಿಡಿಯೋ ಕಳಿಸಿದ. ಅವನ ಹಿತ್ತಲ ಪೊದೆಯಲ್ಲಿ, ನಾಲ್ಕು ಕಡ್ಡಿಯ ಗೂಡಿನೊಳಗೆ, ಆ ದೇಶದ್ದೇ ಆದ ಬೂದುಬಣ್ಣದ ಜುಟ್ಟಿನ ಪಾರಿವಾಳ. ಹಾರುವಾಗ ರೆಕ್ಕೆಯಿಂದಲೇ ಸಿಳ್ಳೆ ಹೊಡೆಯುವ ಈ ಪುಂಡ ಗೂಡಿಗೆ ಬಂದರೆ ಪರಮ ಗೃಹಸ್ಥ: ಹೆಂಡತಿಯೊಡನೆ ಸರದಿಯ ಮೇಲೆ ಕಾವು ಕೂರುತ್ತಾನೆ, ಮರಿ ಹೊರಬಂದಮೇಲೆ ಗಂಟಲ ಚೀಲದಲ್ಲಿ ಹಾಲಿನಂಥದ್ದನ್ನು ತಯಾರಿಸಿ ತಾನೂ ಉಣಿಸುತ್ತಾನೆ. "ನೋಡಿ ಕಲೀರಿ ಭಾವ" ಎಂದು ಕೆಳಗೊಂದು ಒಗ್ಗರಣೆ ಬೇರೆ. ಅಯ್ಯೋ, ಯಃಕಶ್ಚಿತ್ ಹಕ್ಕಿಗೆ ದಯಪಾಲಿಸಿದ ಸೌಭಾಗ್ಯವನ್ನು ವಿಧಾತ ನನಗೆ ಕೊಡದೆ ಬರೀ ಪ್ಲಾಸ್ಟಿಕ್ ಬಾಟಲಿ ಕೊಟ್ಟನಲ್ಲ ಎಂದು ಹೊಟ್ಟೆ ಉರಿಯಿತು.

ನಾನು ಮಾಡದ ಸರ್ಕಸ್ಸಿಲ್ಲ. ಹಾಡಿದೆ, ಕುಣಿದೆ, ಸುಮಾಳ ನೈಟಿಯನ್ನು ಹೆಗಲಿಗೆ ಹೊದ್ದು ಮೋಸ ಮಾಡಲೂ ನೋಡಿದೆ. ಮಗಳು ನೈಟಿಯನ್ನು ಮೂಸಿ, ನನ್ನ ಮೀಸೆಯನ್ನು ಕಂಡು, ಇನ್ನೂ ಜೋರಾಗಿ ಅತ್ತಳು.

ಶನಿವಾರ ಮಧ್ಯಾಹ್ನ ಸುಮಾ ಕಾರಿನ ಕೀ ಎತ್ತಿಕೊಂಡಳು. "ನಾನು ಕಂಡ್ರೆ ಅವಳು ಕುಡಿಯಲ್ಲ ಕಣೋ. ಪಾರ್ಕಿಂಗ್ ಲಾಟಲ್ಲಿ ವೇಟ್ ಮಾಡ್ತೀನಿ, ಟೆಕ್ಸ್ಟ್ ಮಾಡು. ಇವತ್ತೂ ಕುಡೀಲಿಲ್ಲ ಅಂದ್ರೆ ಕೆಲಸ ಬಿಡ್ತೀನಿ ಅಂತ ಈಮೇಲ್ ಮಾಡ್ಬಿಡ್ತೀನಿ." ವರ್ಷಗಟ್ಟಲೆ ಒದ್ದಾಡಿ ಪಡೆದ ಕೆಲಸ ಅದು.

ಅರ್ಧ ಗಂಟೆ ಹೆಣಗಿ, ಸೋತು, ಕುರ್ಚಿಯಲ್ಲಿ ಕುಸಿದೆ. ಆಗ ಹೊಳೆಯಿತು: ವಿಡಿಯೋದಲ್ಲಿದ್ದ ಹಕ್ಕಿ ಹಾಡಿರಲೂ ಇಲ್ಲ, ಕುಣಿದಿರಲೂ ಇಲ್ಲ, ಸುಮ್ಮನೆ ಕೂತಿತ್ತು. ನಾನೂ ಮಗಳನ್ನು ಎದೆಗೊರಗಿಸಿಕೊಂಡು ಸುಮ್ಮನೆ ಕೂತೆ. ಅಳು ಬಿಕ್ಕಳಿಕೆಗಿಳಿಯಿತು, ಬಿಕ್ಕಳಿಕೆ ಬರಿಯ ಉಸಿರಾಯಿತು. ಬಾಟಲಿಯನ್ನು ತುಟಿಗೆ ತಾಗಿಸಿದೆ. ಕುಡಿದಳು! ಕೊನೆಯ ಹನಿಯವರೆಗೂ ಕುಡಿದಳು. ಸಂತೋಷಕ್ಕೆ ನನ್ನ ಕಣ್ಣು ತುಂಬಿ ಬಂತು.

ಟೆಕ್ಸ್ಟ್ ನೋಡಿ ಓಡಿಬಂದ ಸುಮಾ, ಬರಿದಾದ ಬಾಟಲಿಯನ್ನೂ ನಿದ್ದೆಹೋದ ಮಗುವನ್ನೂ ಕಂಡು ನಕ್ಕಳು. ನಗು ಅರ್ಧಕ್ಕೇ ನಿಂತಿತು.

"ನನ್ನ ಹುಡುಕ್ಲೇ ಇಲ್ವಾ?"

ಜಂಬ ಕೊಚ್ಚಿಕೊಳ್ಳಲು ಸಿದ್ಧಪಡಿಸಿದ್ದ ಮಾತುಗಳನ್ನೆಲ್ಲ ನುಂಗಿಕೊಂಡು, "ಕುಡಿಯೋಷ್ಟು ಹೊತ್ತೂ ಬಾಗಿಲ ಕಡೇನೇ ನೋಡ್ತಿದ್ಲು ಕಣೇ" ಎಂದೆ.

ಓದುಗ ಮಿತ್ರರೇ, ನಿಮ್ಮಲ್ಲೇ ಇರಲಿ: ಅಷ್ಟು ಹೊತ್ತೂ ಅವಳು ರೆಪ್ಪೆ ಮಿಟುಕಿಸದೆ ನೋಡಿದ್ದು ನನ್ನನ್ನೇ.