ಬದರಿನಾಥ ನೋಡದ ರೋಮ್

ಭಾರತದ ಪಾಸ್‌ಪೋರ್ಟ್ ಹಿಡಿದವರು ವೀಸಾ ಇಲ್ಲದೆ ಇಟಲಿಯೊಳಗೆ ಕಾಲಿಡುವಂತಿಲ್ಲ. ಇದು ನಿಮಗೆ ಗೊತ್ತಿರಬೇಕು. ಅಮೆರಿಕದ ಸ್ಟರ್ಲಿಂಗ್ ಊರಿನ ಕನ್ನಡದವರಿಗಂತೂ ಗೊತ್ತಿರಲೇಬೇಕಿತ್ತು. ವೀಸಾಕ್ಕಾಗಿ ಬಿಸಿಲಲ್ಲಿ ಸಾಲು ನಿಲ್ಲದವರು, ಫೋಟೋದಲ್ಲಿ ಬಲಗಿವಿ ಕಾಣಲಿ ಎಂದು ಸ್ಟುಡಿಯೋದಲ್ಲಿ ಕತ್ತು ತಿರುಚಿಕೊಂಡು ಕೂರದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಆದರೂ ಬದರಿನಾಥ ರೋಮ್ ಸುತ್ತಿದ ಕಥೆಯನ್ನು ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕೇಳಿದರು. "ಅಲ್ಲಯ್ಯಾ, ನಿನ್ನನ್ನು ಹೊರಗೆ ಬಿಟ್ಟವರು ಯಾರು?" ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ.

ನಿಜ ಇಷ್ಟೇ. ಮೈಸೂರಿನ ಸರಸ್ವತಿಪುರಂನ ಬದರಿನಾಥ ತೊಂಬತ್ತೊಂದರಲ್ಲಿ ಪ್ರೋಗ್ರಾಮರ್ ಕೆಲಸಕ್ಕೆ ಅಮೆರಿಕಕ್ಕೆ ಬರುವಾಗ ರೋಮಿನಲ್ಲಿ ವಿಮಾನ ಬದಲಿಸಬೇಕಿತ್ತು. ಇಡೀ ಹಗಲು ಖಾಲಿ. ಊರು ನೋಡಿಕೊಂಡು ಬರೋಣವೆಂದು ನಿಲ್ದಾಣದ ಬಾಗಿಲ ತನಕ ಹೋದ. ಅಲ್ಲಿದ್ದ ಅಧಿಕಾರಿ ಪಾಸ್‌ಪೋರ್ಟಿನ ಹಾಳೆಗಳನ್ನು ಹಿಂದೆ ಮುಂದೆ ತಿರುವಿ, ಐದು ಬೆರಳುಗಳನ್ನೂ ತುತ್ತು ಕಟ್ಟುವವನಂತೆ ಒಟ್ಟುಗೂಡಿಸಿ ಅವನ ಮೂಗಿನ ಮುಂದೆ ಅಲ್ಲಾಡಿಸಿ, ಒಂದು ಕುರ್ಚಿ ತೋರಿಸಿದ. ಬದರಿನಾಥ ಕೂತ. ಬ್ಯಾಗಿನ ಮೇಲೆ ತಲೆಯಿಟ್ಟು ಮಲಗಿದ, ಎದ್ದ, ಹೆಬ್ಬೆಟ್ಟು ಗಾತ್ರದ ಲೋಟದಲ್ಲಿ ಕಷಾಯದಂಥ ಕಾಫಿ ಕುಡಿದ, ಬಾಥ್‌ರೂಮಿಗೆ ಹೋದ, ಬಂದು ಮತ್ತೆ ಕೂತ. ಅವನ ಇಟಲಿ ಅಲ್ಲಿಗೆ ಮುಗಿಯಿತು.

ಸ್ಟರ್ಲಿಂಗಿಗೆ ಬಂದ ಹೊಸತರಲ್ಲಿ, ಮನೆಗೊಂದು ಅಡುಗೆ ತರುವ ಯುಗಾದಿ ಪಾಟ್‌ಲಕ್ಕಿನಲ್ಲಿ ಪೇಪರ್ ತಟ್ಟೆ ಹಿಡಿದು ಒಂಟಿಯಾಗಿ ನಿಂತಿದ್ದ. ಗ್ರೀನ್ ಕಾರ್ಡ್ ಬಂದ ಮೇಲೆ ಊರಿಗೇ ಹಿರಿಯನಾದಂತೆ ಓಡಾಡುತ್ತಿದ್ದ ಶೇಷಾದ್ರಿ ಹತ್ತಿರ ಬಂದು, "ರೋಮ್ ಮೇಲೆ ಬಂದ್ರಂತೆ. ಹೇಗಿದೆ ಊರು?" ಎಂದು ಕೇಳಿದ.

"ಚೆನ್ನಾಗಿದೆ," ಎಂದ ಬದರಿನಾಥ.

ಒಂದೇ ಮಾತು. ಆದರೆ ಅದನ್ನು ಕೇಳಿ ನಾಲ್ಕು ಜನ ಅವನ ಕಡೆ ತಿರುಗಿದರು. ಊರು ಬಿಟ್ಟು ಬಂದ ಮೇಲೆ ಅವನ ಕಡೆ ಯಾರೂ ತಿರುಗಿರಲಿಲ್ಲ. ಮುಂದಿನ ವಾರ ಲೈಬ್ರರಿಗೆ ಹೋಗಿ ಇಟಲಿ ಪ್ರವಾಸದ ಪುಸ್ತಕ ತಂದ. ಆಮೇಲೆ ಇನ್ನೊಂದು ತಂದ. ಹೋಗದ ಊರಿನ ಬಗ್ಗೆ ಇಷ್ಟು ಶ್ರದ್ಧೆಯಿಂದ ಓದಿದವನು ಸ್ಟರ್ಲಿಂಗ್ ಸೇರಿದ ಇಡೀ ಲೌಡನ್ ಕೌಂಟಿಯಲ್ಲಿ ಇನ್ನೊಬ್ಬನಿರಲಿಲ್ಲ.

ಹಾಗಾಗಿ ಅವನು ಹೇಳುತ್ತಿದ್ದ ಮಾತೆಲ್ಲ ಸರಿಯಾಗಿಯೇ ಇರುತ್ತಿತ್ತು. ರೋಮಿನ ಬೀದಿ ನಲ್ಲಿಗಳಲ್ಲಿ ಹಗಲೂ ರಾತ್ರಿ ಕುಡಿಯುವ ನೀರು ಸುರಿಯುತ್ತದೆ, ಮೂತಿಗೆ ಬೆರಳಿಟ್ಟರೆ ಮೇಲಿನ ಚಿಕ್ಕ ತೂತಿನಿಂದ ಕಾರಂಜಿಯಂತೆ ಬಾಯಿಗೇ ಚಿಮ್ಮುತ್ತದೆ ಎನ್ನುತ್ತಿದ್ದ. ಎರಡು ಸಾವಿರ ವರ್ಷ ಹಳೆಯದೊಂದು ಗುಡಿಯ ಗುಮ್ಮಟದ ನೆತ್ತಿಯಲ್ಲಿ ದೊಡ್ಡ ಕಿಂಡಿಯಿದೆ, ಮಳೆ ನೇರ ಒಳಗೇ ಬೀಳುತ್ತದೆ, ಯಾರೂ ಮುಚ್ಚಿಲ್ಲ ಎನ್ನುತ್ತಿದ್ದ. ಪಿಕ್‌ನಿಕ್ಕಿನಲ್ಲಿ ಶೇಷಾದ್ರಿಯ ಹೆಂಡತಿ ಸಾಸಿವೆ ಕರಿಬೇವು ಒಗ್ಗರಣೆ ಹಾಕಿದ ಸ್ಪಗೆಟಿ ಶಾವಿಗೆ ತಂದರೆ, ಒಗ್ಗರಣೆಗೆ ಅವನ ತಕರಾರಿಲ್ಲ, ಎಳೆ ಮುರಿದದ್ದಕ್ಕೆ ಮಾತ್ರ ಇಟಲಿಯ ಪರವಾಗಿ ನೊಂದುಕೊಂಡ. ಮುಂದಿನ ಪಿಕ್‌ನಿಕ್ಕಿಗೆ ಆಕೆ ಮುರಿಯದೆ ತಂದರು. ಮಕ್ಕಳೆಲ್ಲ ಬೆಂಚಿನ ಮೇಲೆ ಹತ್ತಿ ನಿಂತು ತಿನ್ನಬೇಕಾಯಿತು.

ಸತ್ಯ ಗೊತ್ತಿದ್ದವಳು ಹೆಂಡತಿ ನೀರಜಾ ಒಬ್ಬಳೇ. ಒಂದು ಭಾನುವಾರ ಮಧ್ಯಾಹ್ನ ಅವಳು ಫಿಲ್ಟರ್ ಕಾಫಿ ತಂದಿಟ್ಟರೆ ಇವನು ಲೋಟ ಪಕ್ಕಕ್ಕೆ ಸರಿಸಿದ.

"ಇಟಲಿಲಿ ಬೆಳಗಿನ ತಿಂಡಿ ಆದ್ಮೇಲೆ ಹಾಲು ಹಾಕಿದ ಕಾಫಿ ಕುಡಿಯಲ್ಲ ಕಣೇ."

"ಸರಸ್ವತಿಪುರಂನಲ್ಲಿ ಕುಡೀತಾರೆ. ಕುಡಿದು ಲೋಟ ತೊಳೆದಿಡ್ರೀ."

"ಅಲ್ಲಿ ಕೌಂಟರ್ ಹತ್ರ ನಿಂತ್ಕೊಂಡೇ ಕುಡಿಯೋದು."

"ಸರಿ, ನಿಂತ್ಕೊಳ್ಳಿ. ಹಾಗೇ ಟ್ರಾಶ್ ಹೊರಗಿಟ್ಟು ಬನ್ನಿ. ಅದಕ್ಕೆ ವೀಸಾ ಬೇಡ."

ಇಷ್ಟರವರೆಗೆ ಯಾರಿಗೂ ಏನೂ ನಷ್ಟವಿರಲಿಲ್ಲ. ಸುಳ್ಳು ಹೀಗೇ ನಿರಪಾಯವಾಗಿ ಗಡ್ಡ ಮೀಸೆ ಬೆಳೆಸಿಕೊಂಡು ದೊಡ್ಡದಾಗುತ್ತದೆ. ತೊಂಬತ್ತೇಳರ ವಸಂತದಲ್ಲಿ ಜಮೀಲ್ ಇಟಲಿಗೆ ಹೊರಟ.

ಜಮೀಲ್ ಬೆಂಗಳೂರಿನ ಫ್ರೇಜರ್ ಟೌನಿನವನು, ಬದರಿನಾಥನ ಆಫೀಸಿನಲ್ಲೇ ಕೆಲಸ. ಹೆಂಡತಿ ನಾಸಿರಾ ಮದುವೆಗೆ ಮೊದಲು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವಳು. ರೋಮಿನ ರಸ್ತೆ, ರೋಮಿನ ನೀರುಗಾಲುವೆ ಎಂದು ಪಠ್ಯದ ಮಸಿ ಮೆತ್ತಿದ ಚಿತ್ರ ತೋರಿಸಿ ನೂರಾರು ಮಕ್ಕಳಿಗೆ ಕಲಿಸಿದ್ದಳು. ಒಮ್ಮೆ ಅದನ್ನು ಕಣ್ಣಾರೆ ನೋಡಬೇಕೆಂಬುದು ಅವಳ ಒಂದೇ ಆಸೆ. ಮದುವೆಯಾಗಿ ಹತ್ತು ವರ್ಷದ ನೆಪದಲ್ಲಿ ಜಮೀಲ್ ಟಿಕೆಟ್ ತೆಗೆದಿದ್ದ. ಹೊರಡಲು ತಿಂಗಳೂ ಇರಲಿಲ್ಲ.

"ಬದರಿ ಸಾರ್, ವೀಸಾ ಏನಾದ್ರೂ ಬೇಕಾ? ನೀವು ಹೋಗ್ಬಂದವ್ರು," ಎಂದು ಲಂಚ್‌ರೂಮಿನಲ್ಲಿ ಕೇಳಿದ.

ಬೇಕು ಎಂದರೆ ನೀವು ಎಲ್ಲಿ ತಗೊಂಡಿರಿ ಎಂಬ ಪ್ರಶ್ನೆ ಬರುತ್ತದೆ. ಬದರಿನಾಥನಿಗೆ ಲೈಬ್ರರಿ ಪುಸ್ತಕದ ಸಾಲು ನೆನಪಾಯಿತು: ಇಟಲಿಗೆ ಹೋಗಲು ನಿಮಗೆ ವೀಸಾ ಬೇಕಿಲ್ಲ. ಆ ಪುಸ್ತಕ ಅಮೆರಿಕದಲ್ಲಿ ಅಚ್ಚಾದದ್ದು; ಅದರ 'ನಿಮಗೆ' ಎಂದರೆ ಅಮೆರಿಕನ್ನರಿಗೆ. ಅವನಿಗೆ ಅದು ಗೊತ್ತಿತ್ತು. ಆ ಕುರ್ಚಿಯಲ್ಲಿ ಕೂತು ಸವೆದ ಬೆನ್ನಿಗೂ ಗೊತ್ತಿತ್ತು.

"ಬೇಡ," ಎಂದ. "ಪುಸ್ತಕದಲ್ಲೇ ಇದೆ."

ಮನೆಗೆ ಬಂದು ನೀರಜಾಳಿಗೆ ಹೇಳಿದ. ಅವಳು ಹೆಚ್ಚುತ್ತಿದ್ದ ಬೀನ್ಸ್ ಕೆಳಗಿಟ್ಟಳು.

"ಅವರ ಮಗಳು ವಜೀಹಾ ಇಲ್ಲೇ ಹುಟ್ಟಿದ್ದು. ಅವಳ್ದು ಅಮೆರಿಕನ್ ಪಾಸ್‌ಪೋರ್ಟ್. ಅವಳನ್ನ ಬಿಡ್ತಾರೆ, ಅಪ್ಪ ಅಮ್ಮನ್ನ ಕೂರಿಸ್ತಾರೆ. ಏಳು ವರ್ಷದ ಮಗು ಒಂದೇ ರೋಮ್ ಸುತ್ಕೊಂಡು ಬಂದು ಅವರಿಗೆ ಕಥೆ ಹೇಳ್ಬೇಕಾ?"

ಬದರಿನಾಥ ಸಿಂಕಿನಲ್ಲಿದ್ದ ಲೋಟ ತೊಳೆಯತೊಡಗಿದ.

"ಅವಳ ಕಥೆ ನಿಜವಾದ್ರೂ ಆಗಿರತ್ತೆ," ಎಂದು ಅವಳು ಬೀನ್ಸ್ ಎತ್ತಿಕೊಂಡಳು.

ಒಪ್ಪಿಕೊಳ್ಳದೆ ತಪ್ಪು ತಿದ್ದುವ ಉಪಾಯ ಹುಡುಕುವುದು ವಿದ್ಯಾವಂತರ ರೋಗ. ಮರುದಿನ ಬದರಿನಾಥ ಜಮೀಲನ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಫೋನ್ ಮಾಡಿದ. ಮೂಗಿಗೆ ಕರ್ಚೀಫು ಹಿಡಿದು, ಪ್ರತಿ ಪದದ ಬಾಲಕ್ಕೂ ಒಂದು 'ಓ' ಸೇರಿಸಿ, ತಾನು ಇಟಲಿಯ ಕಚೇರಿಯವನೆಂದೂ ಭಾರತೀಯರು ಕೂಡಲೇ ವೀಸಾ ತೆಗೆದುಕೊಳ್ಳಬೇಕೆಂದೂ ಇಂಗ್ಲಿಷಿನಲ್ಲಿ ಹೇಳಿ ಆನ್ಸರಿಂಗ್ ಮೆಷಿನ್ನಿಗೆ ತುಂಬಿಸಿದ. ಕೊನೆಗೆ ಅಭ್ಯಾಸಬಲದಿಂದ "ಥ್ಯಾಂಕ್ಯೂ, ಬರ್ತೀನಿ" ಎಂದು ಫೋನ್ ಇಟ್ಟ.

ಮಾರನೆಯ ಬೆಳಗ್ಗೆ ಆಫೀಸಿನಲ್ಲಿ ಜಮೀಲ್ ಅವನ ಬೆನ್ನು ತಟ್ಟಿದ. "ಸಾರ್, ಏನ್ ಆಕ್ಟಿಂಗು. ನಾಸಿರಾ ಮೂರ್ ಸಲ ಪ್ಲೇ ಮಾಡಿ ನಕ್ಕಳು. ಶನಿವಾರ ನಮ್ಮನೇಲಿ ಊಟ. ನಮಗೆಲ್ಲ ಇಟಲಿ ಕ್ಲಾಸ್ ತಗೋಬೇಕು ನೀವು."

ಶನಿವಾರ ನಾಸಿರಾ ಬದರಿನಾಥನನ್ನು ಸೋಫಾದ ಮಧ್ಯೆ ಕೂರಿಸಿದಳು. ಶೇಷಾದ್ರಿ ದಂಪತಿಯೂ ಬಂದಿದ್ದರು. ಹಾಲಿನ ಮೂಲೆಯಲ್ಲಿ ಹೊಸ ಸೂಟ್‌ಕೇಸು ಬಾಯಿ ತೆರೆದಿತ್ತು. ನಾಸಿರಾ ಮಡಿಲಲ್ಲಿ ರೋಮಿನ ನಕ್ಷೆ ಹರಡಿಕೊಂಡು, ಎಲ್ಲೆಲ್ಲಿ ಹೋಗಬೇಕೋ ಅಲ್ಲೆಲ್ಲ ಮಗಳ ಬಿಂದಿಗಾತ್ರದ ಸ್ಟಿಕರ್ ಅಂಟಿಸಿದ್ದಳು.

"ಭಾಯ್‌ಸಾಬ್, ನೀರುಗಾಲುವೆ ಹತ್ರ ಬಸ್ಸು ಹೋಗುತ್ತಾ?" ಎಂದಳು. "ನಾನು ಮಕ್ಕಳಿಗೆ ಹೇಳಿಕೊಟ್ಟಿದ್ದು ಸುಳ್ಳಲ್ಲ ಅಂತ ಒಂದ್ಸಲ ಮುಟ್ಟಿ ನೋಡ್ಬೇಕು."

ಬದರಿನಾಥನಿಗೆ ಬಸ್ಸಿನ ನಂಬರೂ ಬಾಯಿಗೆ ಬರುತ್ತಿತ್ತು. ಆದರೆ ಅವನು ನಕ್ಷೆಯ ಅಂಚು ನೇರ ಮಾಡುತ್ತ ಕೂತ.

ವಜೀಹಾ ಅವನ ಮೊಣಕಾಲಿಗೆ ಒರಗಿದಳು. "ಅಂಕಲ್, ಇಟಲಿಲಿ ನೀವು ಫಸ್ಟ್ ಏನ್ ನೋಡಿದ್ದು?"

ಗುಡಿ, ಕಾರಂಜಿ, ಸೇತುವೆ, ಎಲ್ಲವೂ ಪುಟದ ಸಂಖ್ಯೆ ಸಮೇತ ಅವನ ಮುಂದೆ ಬಂದು ನಿಂತವು. ನೀರಜಾ ಅವನನ್ನೇ ನೋಡುತ್ತಿದ್ದಳು.

"ಬಾಥ್‌ರೂಮ್," ಎಂದ ಬದರಿನಾಥ.

ಮಗು ಕಿಸಕ್ಕನೆ ನಕ್ಕಿತು. "ಆಮೇಲೆ?"

"ಒಂದು ಕುರ್ಚಿ. ನೀಲಿ ಬಣ್ಣದ್ದು. ಅಷ್ಟೇ ಪುಟ್ಟಿ. ನನ್ನನ್ನ ಏರ್‌ಪೋರ್ಟಿಂದ ಹೊರಗೇ ಬಿಡ್ಲಿಲ್ಲ. ವೀಸಾ ಇರ್ಲಿಲ್ಲ." ಅವನು ಜಮೀಲನ ಕಡೆ ತಿರುಗಿದ. "ನಿಮಗೂ ಬೇಕು. ಬೇಡ ಅಂದಿದ್ದು ನಾನು ಹೇಳಿದ ಸುಳ್ಳು. ಸೋಮವಾರವೇ ಇಟಲಿಯವರ ಆಫೀಸಿಗೆ ಫೋನ್ ಮಾಡಿ. ಇನ್ನೂ ಟೈಮಿದೆ ಅನ್ಸತ್ತೆ. ಅದೂ ನನಗೆ ಸರಿಯಾಗಿ ಗೊತ್ತಿಲ್ಲ."

ಜಮೀಲ್ ಎದ್ದು ಒಳಗೆ ಹೋದ. ಪಾಸ್‌ಪೋರ್ಟ್‌ಗಳನ್ನು ತಂದು ಟೀಪಾಯಿ ಮೇಲಿಟ್ಟ: ಭಾರತದ ಎರಡು ಕಪ್ಪು, ಅಮೆರಿಕದ ಒಂದು ನೀಲಿ. ಮೂರನ್ನೂ ನೋಡುತ್ತ ನಿಂತ. ನಾಸಿರಾ ನಕ್ಷೆಯನ್ನು ಮಡಚತೊಡಗಿ, ಅರ್ಧಕ್ಕೇ ನಿಲ್ಲಿಸಿದಳು.

"ಹಾಗಿದ್ರೆ ಬೀದಿ ನಲ್ಲಿಗೆ ಬೆರಳಿಟ್ರೆ ನೀರು ಚಿಮ್ಮೋದು?"

"ಅದು ನಿಜ, ತಂಗೀ. ಓದಿದ್ದೆಲ್ಲ ನಿಜ. ನೋಡಿದ್ದು ಸುಳ್ಳು."

"ಮತ್ತೆ ನನ್ನ ಸ್ಪಗೆಟಿ?" ಎಂದು ಶೇಷಾದ್ರಿಯ ಹೆಂಡತಿ ಎದ್ದು ಕೂತರು. "ಎರಡು ವರ್ಷದಿಂದ ಮುರೀದೆ ಬೇಯಿಸ್ತಿದೀನಿ. ಪಾತ್ರೆ ಬೇರೆ ಹೊಸದು ತಗೊಂಡೆ."

ಶೇಷಾದ್ರಿಗೆ ಇದ್ಯಾವುದೂ ಕಿವಿಗೆ ಬಿದ್ದಿರಲಿಲ್ಲ. ಊರಿನಲ್ಲಿ ಪಂಡಿತನ ಪೀಠ ಖಾಲಿಯಾದದ್ದು ಮಾತ್ರ ಕಂಡಿತ್ತು. "ನಂಗೆ ಮೊದಲಿಂದ್ಲೂ ಡೌಟಿತ್ತು," ಎಂದು ಗಂಟಲು ಸರಿಪಡಿಸಿಕೊಂಡ. "ಜಮೀಲ್, ನೀವೇನೂ ವರಿ ಮಾಡ್ಬೇಡಿ. ಇಲ್ಲೇ ರಾಜಧಾನೀಲಿರೋ ಅವರ ಆಫೀಸಲ್ಲಿ ಒಂದೇ ದಿನದಲ್ಲಿ ಸ್ಟ್ಯಾಂಪ್ ಹಾಕ್ಕೊಡ್ತಾರೆ. ಬೆಳಗ್ಗೆ ಕೊಟ್ರೆ ಸಂಜೆ ಕೈಗೆ. ಬೇಕಾದ್ರೆ ಹೊರಡೋ ಹಿಂದಿನ ದಿನ ಹೋದ್ರೂ ಸಾಕು."

ನಾಸಿರಾಳ ಮುಖ ಅರಳುವುದರಲ್ಲಿತ್ತು. ಬದರಿನಾಥ ಏನೋ ಹೇಳಹೊರಟು, ತನಗೀಗ ಆ ಹಕ್ಕಿಲ್ಲವೆಂದು ನೀರಿನ ಲೋಟ ಎತ್ತಿಕೊಂಡ. ಜಮೀಲ್ ಪಾಸ್‌ಪೋರ್ಟ್‌ಗಳನ್ನು ಕೈಗೆ ತೆಗೆದುಕೊಂಡು ಮೆಲ್ಲಗೆ ಕೇಳಿದ:

"ಶೇಷಾದ್ರಿ ಸಾರ್, ಆ ಆಫೀಸಿಗೆ ನೀವು ಹೋಗಿದೀರಾ?"

ಶೇಷಾದ್ರಿ ತಟ್ಟೆಯಲ್ಲಿದ್ದ ಬದನೆಕಾಯಿಯನ್ನು ಬಹಳ ಹೊತ್ತು ಪರೀಕ್ಷಿಸಿದ.

ಸೋಮವಾರ ಜಮೀಲ್ ರಜೆ ಹಾಕಿ ತಾನೇ ಹೋಗಿ ಕೇಳಿದ. ವೀಸಾ ಬರಲು ಒಂದೂವರೆ ವಾರ ಹಿಡಿಯಿತು. ಮೂವರೂ ರೋಮಿನ ಆ ನಿಲ್ದಾಣದ ಬಾಗಿಲನ್ನು ಒಟ್ಟಿಗೆ ದಾಟಿದರು.

ಈಗ ನಗುತ್ತಿರುವ ನಿಮಗೆ ಹೇಳುತ್ತಿದ್ದೇನೆ. ಸ್ಕೂಲು, ಡಾಕ್ಟರು, ಗ್ರೀನ್ ಕಾರ್ಡು, ಯಾವುದರ ಬಗ್ಗೆಯೇ ಆಗಲಿ, ನಿಮ್ಮ ಊರಿನ ಶೇಷಾದ್ರಿ ಈ ಶನಿವಾರವೂ ಯಾರದೋ ಸೋಫಾದ ಮೇಲೆ ಕೂತು ಉಪದೇಶ ಮಾಡಲಿದ್ದಾನೆ. ಬಾಯಿ ಬಿಟ್ಟುಕೊಂಡು ಕೇಳುತ್ತ ಕೂರಬೇಡಿ. "ನೀವು ಹೋಗಿದೀರಾ?" ಎಂದು ಮುಖಕ್ಕೆ ಕೇಳಿ. ಆ ಸೋಫಾದ ಮೇಲೆ ಕೂತವರು ನೀವೇ ಆಗಿದ್ದರೆ, ಯಾರೂ ಕೇಳುವ ಮೊದಲೇ ಹೇಳಿಬಿಡಿ: ನನಗೆ ಗೊತ್ತಿಲ್ಲ.