ತವರಿಗೆ ಹೋಗಿದ್ದಾರೆ

ನಾನು ಆಶಾ ಕಾರ್ಯಕರ್ತೆ. ತವರು ದೇವದುರ್ಗ ತಾಲೂಕಿನ ಗಬ್ಬೂರು, ಕೊಟ್ಟ ಮನೆ ಮಾನ್ವಿ ತಾಲೂಕಿನ ಕಲ್ಲೂರು. ಬಸುರಿಯರ ಹೆಸರು ಬರೆದುಕೊಳ್ಳುವ ನನ್ನ ಪುಸ್ತಕದಲ್ಲಿ ಹುಡುಕಿದರೂ ತಪ್ಪು ಸಿಗುವುದಿಲ್ಲ ಅಂತ ನನಗೆ ಜಂಬವಿತ್ತು.

ಆ ವರ್ಷ ಅಕ್ಕಿ ಗಿರಣಿಯ ಹಿಂದಿನ ಕೋಣೆಗೆ ಬಿಹಾರದಿಂದ ಗಂಡ ಹೆಂಡತಿ ಬಂದಿದ್ದರು. ಹುಡುಗಿಗೆ ಚೊಚ್ಚಲು, ನಾಲ್ಕು ತಿಂಗಳು. ಆಧಾರ್ ಬೇರೆ ರಾಜ್ಯದ್ದು ಅಂತ ಅಂಜಿ ಅದನ್ನು ಸೆರಗಿನಲ್ಲೇ ಮುಚ್ಚಿಟ್ಟುಕೊಂಡಿದ್ದಳು. ಗಬ್ಬೂರಿನ ನೆರೆಮನೆಯವರಿಂದ ಕಲಿತ ಉರ್ದುವಿನಲ್ಲಿ, ಯಾವ ರಾಜ್ಯದ್ದಾದರೂ ನಡೆಯುತ್ತದೆ ಎಂದು ಹೇಳಿ ತಾಯಿ ಕಾರ್ಡ್ ಮಾಡಿಸಿಕೊಟ್ಟೆ. ತಿಂಗಳಿಗೊಮ್ಮೆ ಹೋಗಿ ಆರೋಗ್ಯ ಕೇಂದ್ರದ ಸಿಸ್ಟರ್ ಹತ್ತಿರ ಕರೆದುಕೊಂಡು ಬಂದು ಬಿ.ಪಿ. ನೋಡಿಸುತ್ತಿದ್ದೆ.

ಏಳನೇ ತಿಂಗಳಲ್ಲಿ ಹೋದಾಗ ಬಾಗಿಲಿಗೆ ಬೀಗ. ಚೊಚ್ಚಲು, ಏಳು ತಿಂಗಳು, ಬೀಗ. ಇದರಲ್ಲಿ ಯಾರನ್ನಾದರೂ ಕೇಳುವುದೇನಿದೆ? ಆ ಹೊತ್ತಿಗೆ ನಮ್ಮಲ್ಲಿ ಸೀಮಂತದ ಕುಬಸ ಮಾಡಿ ತವರಿನವರು ಕರೆದೊಯ್ಯುತ್ತಾರೆ. ನನ್ನನ್ನೂ ಹಾಗೇ ಗಬ್ಬೂರಿಗೆ ಕರೆದೊಯ್ದಿದ್ದರು. 'ತವರಿಗೆ ಹೋಗಿದ್ದಾರೆ' ಎಂದು ಬರೆದು ಮುಂದಿನ ಮನೆಗೆ ನಡೆದೆ. ಆಮೇಲೆ ಆ ಕಡೆ ಹಾಯಲಿಲ್ಲ.

ಒಂದೂವರೆ ತಿಂಗಳ ನಂತರ ಅವಳನ್ನು ಸಂತೆಯಲ್ಲಿ ಕಂಡೆ. ಮುಖ ಊದಿತ್ತು, ಪಾದ ಚಪ್ಪಲಿಯಲ್ಲಿ ಹಿಡಿಯುತ್ತಿರಲಿಲ್ಲ. ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗಿದೆ ಅಂದಳು. ಕೈ ಹಿಡಿದು ಸಿಸ್ಟರ್ ಹತ್ತಿರ ಕರೆದೊಯ್ದೆ. ಬಿ.ಪಿ. ನೋಡಿದ ಅವರು ನನ್ನ ಕಡೆ ತಿರುಗಿದರು.

"ಇಷ್ಟು ದಿನ ಏನ್ ಮಾಡಾಕತ್ತಿದ್ರಿ? ಮಾನ್ವಿ ಬ್ಯಾಡ, ಸೀದಾ ರಾಯಚೂರಿಗೆ ಒಯ್ರಿ. ತಡ ಆದ್ರ ತಾಯಿ, ಕೂಸು ಇಬ್ರೂ ಉಳಿಯಂಗಿಲ್ಲ."

ಆಂಬುಲೆನ್ಸಿನಲ್ಲಿ ನಾನೂ ಹತ್ತಿದೆ. ತವರಿಗೆ ಯಾಕೆ ಹೋಗಲಿಲ್ಲ ಎಂದು ಕೇಳಿದೆ. ಅವ್ವ ಸತ್ತು ಬಹಳ ವರ್ಷವಾಯಿತು ಅಂದಳು. ನಾನು ಬೀಗ ನೋಡಿದ ದಿನ ಅವಳು ಗಿರಣಿಯ ಅಂಗಳದಲ್ಲಿ ಭತ್ತ ಹರವುತ್ತಿದ್ದಳಂತೆ. ಮತ್ತೆ ನೀನಾಗಿ ಯಾಕೆ ಬರಲಿಲ್ಲ ಎಂದು ದಬಾಯಿಸಿದೆ.

"ನೀವು ಬರೋದು ನಿಲ್ಲಿಸಿದ್ರಿ, ದೀದಿ," ಅಂದಳು ತನ್ನ ಹಿಂದಿಯಲ್ಲಿ. "ಹೊರಗಿನವರನ್ನ ಇಷ್ಟೇ ತಿಂಗಳು ನೋಡ್ತಾರೆ ಅಂದುಕೊಂಡೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ರಾಯಚೂರಿನಲ್ಲಿ ಆಪರೇಷನ್ ಮಾಡಿ ಹೆರಿಗೆ ಮಾಡಿಸಿದರು. ಹೆಣ್ಣುಕೂಸು, ತೂಕ ಬಹಳ ಕಡಿಮೆ. ಹದಿನೈದು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಇಬ್ಬರೂ ಉಳಿದರು.

ಕೂಸಿಗೆ ಮೂರು ತಿಂಗಳಾದಾಗ ಗಂಡನಿಗೆ ತೆಲಂಗಾಣದ ಗಿರಣಿಯೊಂದರಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಅವಳು ನಮ್ಮ ಮನೆಗೆ ಬಂದು ಕಾರ್ಡ್ ತೋರಿಸಿ, ಕೂಸಿಗೆ ಮುಂದಿನ ಲಸಿಕೆಯ ಸೂಜಿ ಅಲ್ಲಿ ಹಾಕುತ್ತಾರಾ ಎಂದು ಕೇಳಿದಳು. ಯಾವ ರಾಜ್ಯಕ್ಕೆ ಹೋದರೂ ಹಾಕುತ್ತಾರೆ ಎಂದೆ. ಅವಳು ಕಾರ್ಡನ್ನು ಮಡಚಿ ಕೂಸಿನ ಅರಿವೆಯೊಳಗೆ ಇಟ್ಟುಕೊಂಡಳು. ಹೊಸ್ತಿಲು ದಾಟಿ ಹೋದವಳು ಮತ್ತೆ ನಿಂತು ತಿರುಗಿದಳು.

"ನಡುವೆ ನಿಲ್ಲಿಸೋದಿಲ್ಲ ಅಲ್ವಾ, ದೀದಿ?"