ತಪ್ಪು ಧೂಳಿನದಲ್ಲ

ಐವತ್ತನಾಲ್ಕನೆಯ ವಯಸ್ಸಿನಲ್ಲಿ ಡಾಕ್ಟರೇಟ್ ಪ್ರಬಂಧ ಬರೆಯಲು ಕುಳಿತವಳಿಗೆ ಕಂಪ್ಯೂಟರು ಕೈಕೊಟ್ಟರೆ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕು? ನಾನು ಧೂಳಿನ ಮೇಲೆ ತೀರಿಸಿಕೊಂಡೆ. ವಿಜಯಪುರದಲ್ಲಿ ಅದಕ್ಕೇನೂ ಕೊರತೆಯಿಲ್ಲ.

ನಾನು ತಿಕೋಟಾದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ತಿಕೋಟಾ, ಬಬಲೇಶ್ವರದ ಸುತ್ತಲಿನ ಹೊಲಗಳ ಹೆಸರುಗಳ ಮೇಲೆ ನನ್ನ ಪ್ರಬಂಧ. ನಮ್ಮ ಕಡೆ ಪ್ರತಿ ಹೊಲಕ್ಕೂ ಒಂದು ಹೆಸರಿರುತ್ತದೆ. ಬೇವಿನಗಿಡದ ಹೊಲ, ಹಳ್ಳದ ಪಟ್ಟಿ, ಜಗಳದ ಹೊಲ. ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಹೋಗಿ ಇವನ್ನು ಕೇಳಿ ಬರೆದುಕೊಂಡು ಏಳು ವರ್ಷ ಕಳೆದಿದ್ದೆ. ವಿಶ್ವವಿದ್ಯಾಲಯ ಎರಡು ಸಲ ಗಡುವು ಮುಂದೂಡಿತ್ತು. ದಸರಾ ಮುಗಿದ ವಾರದೊಳಗೆ ಪ್ರಬಂಧ ಕೊಡದಿದ್ದರೆ ನೋಂದಣಿಯೇ ರದ್ದು.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ನನ್ನವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಬಬಲೇಶ್ವರದ ತವರಿನಲ್ಲಿ ಅತ್ತೆ ಸಾಲಿಯ ಮೆಟ್ಟಿಲು ಹತ್ತಿದವರಲ್ಲ, ಆದರೆ ನನ್ನನ್ನು ಹಟ ಹಿಡಿದು ಓದಲು ಹಚ್ಚಿದವರು ಅವರೇ. ನಾನು ಟೈಪು ಮಾಡಲು ಕುಳಿತರೆ ರೊಟ್ಟಿ ಬಡಿಯುವುದೂ ಅವರದೇ ಕೆಲಸ. ನೆರೆಯವರು ಬಂದರೆ, "ಮಾತಾಡಬ್ಯಾಡ್ರಿ, ಬರ್ಯಾಕತ್ತಾಳ" ಎಂದು ಹೊಸ್ತಿಲಲ್ಲೇ ನಿಲ್ಲಿಸುತ್ತಿದ್ದರು.

ಮೊದಲ ಸಲ ಪರದೆ ನೀಲಿಯಾಗಿ ಕಂಪ್ಯೂಟರು ಸತ್ತಾಗ ಅದರ ಸಿಪಿಯು ಡಬ್ಬಿಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಗಾಂಧಿ ಚೌಕಕ್ಕೆ ಒಯ್ದೆ. ರಿಪೇರಿ ಅಂಗಡಿಯವರು ಅದನ್ನು ಬಿಚ್ಚಿ, ಗಾಳಿ ಊದಿ, ಒಂದು ಮುಷ್ಟಿ ಕಸ ತೆಗೆದರು.

"ಧೂಳ ಭಾಳ ಐತ್ರಿ ಅಕ್ಕಾರ. ಒಳಗ ಹೋಗದಂಗ ನೋಡ್ಕೋರಿ."

ಮನೆಗೆ ಬಂದು ಅತ್ತೆಯ ಮುಂದೆ ಧೂಳಿಗೆ ಬಾಯಿಗೆ ಬಂದಂತೆ ಬೈದೆ. ಧೂಳು ನನ್ನ ಪ್ರಬಂಧವನ್ನು ತಿನ್ನುತ್ತಿದೆ ಎಂದೂ ಹೇಳಿದೆ. ಹತ್ತು ದಿನದ ಮೇಲೆ ಶಾಲೆಯಿಂದ ಬಂದು ನೋಡಿದರೆ ಮೇಜಿನ ಕೆಳಗಿನ ಡಬ್ಬಿ ಕೌದಿ ಹೊದ್ದು ಕುಳಿತಿತ್ತು. ಹಳೆ ಸೀರೆಗಳ ತುಂಡು ಕೂಡಿಸಿ ಅಳತೆಗೆ ತಕ್ಕಂತೆ ಹೊಲಿದ ಗವುಸು. ಒತ್ತುವ ಗುಂಡಿಯ ಹತ್ತಿರ ಒಂದು ಕಿಂಡಿ, ಹಿಂದೆ ವೈರುಗಳಿಗೆ ಒಂದು ಸೀಳು. ಮಂಜಾದ ಆ ಕಣ್ಣುಗಳಲ್ಲಿ ಅತ್ತೆ ಸೂಜಿಗೆ ದಾರ ಹೇಗೆ ಪೋಣಿಸಿದರೋ. ನನಗೆ ಬಹಳ ಖುಷಿಯಾಯಿತು. ನಮ್ಮ ಮನೆಗಳಲ್ಲಿ ಟಿವಿಗೆ, ಮಿಕ್ಸರಿಗೆ, ಹೊಲಿಗೆ ಯಂತ್ರಕ್ಕೆ ಎಲ್ಲಕ್ಕೂ ಗವುಸು ಇರಲೇಬೇಕು. ಇಲ್ಲದಿದ್ದರೆ ಬಂದವರ ಮುಂದೆ ಮಾನ ಹೋದಂತೆ.

ಮರುದಿನದಿಂದ ಕಂಪ್ಯೂಟರು ಮುಕ್ಕಾಲು ಗಂಟೆಗೊಮ್ಮೆ ಸಾಯತೊಡಗಿತು. ಬರೆದದ್ದನ್ನು ಆಗಾಗ ಸೇವ್ ಮಾಡಬೇಕೆಂದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಬರೆಯುವ ಓಟ ಹತ್ತಿದಾಗ ಯಾರಿಗೆ ನೆನಪಿರುತ್ತದೆ? ಮತ್ತೆ ಗವುಸು ತೆಗೆದಿಟ್ಟು ಗಾಂಧಿ ಚೌಕಕ್ಕೆ ಹೊರಟೆ. ಅಂಗಡಿಯವರು ಮೆಮರಿ ಪಟ್ಟಿ ಹೊರತೆಗೆದು ಪೆನ್ಸಿಲ್ ರಬ್ಬರಿನಿಂದ ತಿಕ್ಕಿದರು. ಇನ್ನೊಂದು ಸಲ ಹೋದಾಗ ಕರೆಂಟು ಕೊಡುವ ಪೆಟ್ಟಿಗೆಯನ್ನೇ ಬದಲಿಸಿದರು. ಅವರ ಕೌಂಟರಿನ ಮೇಲೆ ಅದು ದಿನವಿಡೀ ಸುಮ್ಮನೆ ಓಡುತ್ತಿತ್ತು.

"ಮಷೀನಿಗೆ ಏನೂ ಆಗಿಲ್ರಿ ಅಕ್ಕಾರ. ನಿಮ್ಮ ಮನ್ಯಾಗ ಏನರ ಐತಿ ನೋಡ್ರಿ."

ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದು ಮತ್ತೆ ಧೂಳನ್ನೇ ಬೈದೆ. ಅತ್ತೆ ಮರುದಿನವೇ ಮಾವನವರ ಹಳೆ ಧೋತರ ತೆಗೆದು ಗವುಸಿನ ಒಳಗೆ ಇನ್ನೊಂದು ಪದರ ಹೊಲಿದರು.

ನಿಜ ತಿಳಿದದ್ದು ನವರಾತ್ರಿ ಹತ್ತಿರ ಬಂದಾಗ. ಘಟ ಕೂರಿಸುವ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆಯುವುದು ನಮ್ಮ ರೂಢಿ. ಅತ್ತೆ ಕೌದಿಗಳನ್ನೆಲ್ಲ ಗಂಟು ಕಟ್ಟಿಕೊಂಡು, ಕಂಪ್ಯೂಟರಿನದನ್ನೂ ಬಿಡದೆ, ಹೊನವಾಡದ ನೆಂಟರ ತೋಟದ ನೀರಿಗೆ ಹೋದರು. ಅವು ಒಣಗಲು ಎರಡು ದಿನ ಬೇಕು. ಆ ಎರಡು ದಿನ ಕಂಪ್ಯೂಟರು ಒಮ್ಮೆಯೂ ಸಾಯಲಿಲ್ಲ. ಒಂದು ಅಧ್ಯಾಯವೇ ಮುಗಿಯಿತು. ಹೊಸ ಪೆಟ್ಟಿಗೆ ಈಗ ಹೊಂದಿಕೊಂಡಿತೆಂದು ತಿಳಿದೆ. ಅತ್ತೆ ಬಂದು ಬಿಸಿಲಿನ ವಾಸನೆಯ ಗವುಸನ್ನು ಮತ್ತೆ ತೊಡಿಸಿದರು, ನಲವತ್ತು ನಿಮಿಷಕ್ಕೆ ಪರದೆ ನೀಲಿಯಾಯಿತು. ಗವುಸಿನೊಳಗೆ ಕೈ ತೂರಿಸಿದೆ. ಡಬ್ಬಿ ರೊಟ್ಟಿಯ ಹಂಚಿನಂತೆ ಕಾದಿತ್ತು.

ಧೂಳು, ಧೂಳು ಎಂದು ಕೂಗಿದವಳು ನಾನು. ಅದನ್ನು ನಂಬಿ ಕಣ್ಣು ನೋಯಿಸಿಕೊಂಡು ಹೊಲಿದವರು ಅವರು. ಈಗ ಯಾವ ಬಾಯಿಂದ ಹೇಳುವುದು? ಹೇಳಲಿಲ್ಲ. ಕೂರುವಾಗ ಗವುಸು ತೆಗೆದು ಪಕ್ಕಕ್ಕೆ ಸರಿಸುತ್ತಿದ್ದೆ, ಏಳುವಾಗ ಮತ್ತೆ ತೊಡಿಸುತ್ತಿದ್ದೆ. ಎಂಟು ದಿನ ಹೀಗೇ ನಡೆಯಿತು.

ಒಂಬತ್ತನೆಯ ದಿನ ಪುಸ್ತಕಗಳ ಪಟ್ಟಿ ಟೈಪು ಮಾಡುತ್ತಿದ್ದೆ. ಹಾಲಿನವರು ಕರೆದರೆಂದು ಎದ್ದು ಹೋಗಿ ಬಂದೆ, ಕೆಳಗೆ ನೋಡದೆ ಮುಂದುವರಿಸಿದೆ. ಸ್ವಲ್ಪ ಹೊತ್ತಿಗೆ ಪರದೆ ನೀಲಿಯಾಗಿ ಅಷ್ಟೂ ಪುಟ ಹೋಯಿತು. ಬಗ್ಗಿ ನೋಡಿದರೆ ಡಬ್ಬಿಗೆ ಗವುಸು. ಬರಿಮೈಯಲ್ಲಿ ಇದೆಯೆಂದು ಅತ್ತೆ ತೊಡಿಸಿ ಹೋಗಿದ್ದರು. ಆ ಪುಟಗಳನ್ನು ಎರಡು ದಿನ ಕುಳಿತು ಮತ್ತೆ ಬರೆದೆ, ಪ್ರಬಂಧ ಗಡುವಿನೊಳಗೆ ತಲುಪಿತು. ಅದು ಆಮೇಲಿನ ಮಾತು. ಆಗ ಮಾತ್ರ ನನಗೆ ಅಳು ಬಂತು. ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ನಿಂತರು. ಹೇಳದೆ ವಿಧಿಯಿರಲಿಲ್ಲ.

"ಅತ್ತಿ, ಅದಕ್ಕ ಸೆಕಿ ತಡಿಯೂದಿಲ್ರಿ. ಗವುಸ ಹಾಕಿದ್ರ ಉಸಿರ ಕಟ್ಟಿ ಬಂದ್ ಆಗತೈತಿ. ನಿಮಗ ಬ್ಯಾಸರ ಆಗತೈತಂತ ಹೇಳಲಿಲ್ರಿ."

ಅವರು ನೆಲಕ್ಕೆ ಕೂತು ಡಬ್ಬಿಯನ್ನು ಮುಟ್ಟಿ ನೋಡಿದರು, ಗವುಸು ಎಳೆದು ತೆಗೆದರು.

"ಇಷ್ಟನಾ? ನೀ ದಿನಾ ತಗದ ಇಡೂದ ನೋಡಾಕತ್ತಿದ್ನಿ. ನಾ ಹೊಲದದ್ದಂದ್ರ ನಿನಗ ನಾಚಿಕಿ ಆತೇನೋ ಅನ್ಕೊಂಡಿದ್ನಿ."

ಗವುಸನ್ನು ಮಡಚಿ ಮಡಿಲಲ್ಲಿಟ್ಟುಕೊಂಡರು.

"ನಿಮ್ಮವ್ವ ಹೊಲದಿದ್ರ ಅವತ್ತ ಒದರಾಡಿ ತಗದ ಒಗೀತಿದ್ದಿ," ಎಂದರು.

ನನ್ನ ಅಳು ಹೋಗಿ ಸಿಟ್ಟು ಬಂತು; ಅವ್ವನೊಡನೆ ಆಡುವಂಥ, 'ರಿ' ಇಲ್ಲದ ಮಾತೇ ಬಾಯಿಗೆ ಬಂತು.

"ಅಲ್ಲ ಬೇ, ಎಂಟ ದಿನ ಇದನ್ನ ಮನಸಿನ್ಯಾಗ ಇಟ್ಕೊಂಡ ಕುಂತಿದ್ದೇನ? ಕೇಳಾಕ ಬಾಯಿ ಇರಲಿಲ್ಲೇನ ನಿನಗ? ಮ್ಯಾಲ ಧೋತರ ಬ್ಯಾರೆ ಹೊಲದಿ. ಯಾರರ ಕಂಪ್ಯೂಟರಿಗೆ ಕೌದಿ ಹೊಚ್ಚತಾರೇನ?"

ಒಲೆಯ ಮೇಲೆ ರೊಟ್ಟಿ ಹೊತ್ತುವ ವಾಸನೆ ಬರುತ್ತಿತ್ತು. ಅತ್ತೆ ಏಳಲಿಲ್ಲ. ಗೋಡೆಗೆ ಒರಗಿ, ಕಾಲು ಚಾಚಿಕೊಂಡು, ನಾನು ಬೈಯುವುದನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡರು.